ದಂಡವನ್ನು ತೊರೆದ ರಾಜ್ಯ

ರಾಜ್ಯಕ್ಕೆ ಅಂಗಗಳು ಏಳು ಎಂಬುದು ನಮ್ಮ ಪ್ರಾಚೀನ ನೀತಿಶಾಸ್ತ್ರಕಾರರ ನಿರ್ಣಯ. ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂಬ ಈ ಸಪ್ತಾಂಗಗಳ ಗುಣದೋಷಗಳನ್ನು ಕೌಟಿಲ್ಯನ ಅರ್ಥಶಾಸ್ತ್ರವು ಎಣಿಸಿ ಎಣಿಸಿ ಹೇಳುತ್ತದೆ. ಬಹುಕಾಲ ಹೆಸರಿನಿಂದ ಮಾತ್ರ ಪರಿಚಿತವಾಗಿದ್ದ ಈ ಗ್ರಂಥವನ್ನು ಮೈಸೂರಿನ ಪ್ರಾಚ್ಯಪುಸ್ತಕಭಂಡಾರದ ಓಲೆಗಳ ನಡುವೆ ಗುರುತಿಸಿ 1909ರಲ್ಲಿ ಅಚ್ಚು ಮಾಡಿಸಿದ ಪಂಡಿತ ಶಾಮಶಾಸ್ತ್ರಿಗಳ ಉಪಕಾರವನ್ನು ಕನ್ನಡ ನಾಡು ಬಲ್ಲದು. ದಂಡವೆಂದರೆ ಇಲ್ಲಿ ಸೇನೆ. ಆಡುಮಾತಿನ ‘ದಂಡು’ ಎಂಬುದೂ ಅದೇ. ಗಡಿಗೆ ಗಡಿ ತಾಗಿದ ನೆರೆಯ ಅರಸನು ಸ್ವಭಾವತಃ ಶತ್ರು, ಆ ನೆರೆಯವನ ಆಚೆಗಿರುವವನು ಮಿತ್ರ ಎಂಬುದು ಅದೇ ಶಾಸ್ತ್ರದ ಮಂಡಲನೀತಿ. ಹೀಗೆ ಎಣಿಸುವವರಿಗೆ, ದುರ್ಗವನ್ನೂ ದಂಡವನ್ನೂ ತಾನಾಗಿ ತ್ಯಜಿಸಿದ ರಾಜ್ಯವೊಂದು ಶತ್ರುವಿನ ಪಕ್ಕದಲ್ಲಿ ಬಾಳೀತೆಂಬುದು ಊಹೆಗೂ ನಿಲುಕದ ಮಾತು. ಆದರೂ ಅಂಥ ರಾಜ್ಯವೊಂದು ಉಂಟು. 1948ರಿಂದ ಇಂದಿನವರೆಗೆ ಅದು ದಂಡಿಲ್ಲದೆಯೇ ಬಾಳಿದೆ. ಹೇಗೆ ಬಾಳಿತು, ದಂಡದ ಹೊರೆಯನ್ನು ಬೇರೆ ಯಾವ ಅಂಗವು ಹೊತ್ತಿತು ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಆ ದೇಶದ ಹೆಸರು ಕೋಸ್ಟಾರಿಕಾ. ಉತ್ತರ ದಕ್ಷಿಣ ಅಮೆರಿಕಾ ಖಂಡಗಳನ್ನು ಕೂಡಿಸುವ ಕಿರಿದಾದ ನೆಲದ ಪಟ್ಟಿಯಲ್ಲಿ, ಮೇಲೆ ನಿಕರಾಗ್ವಾ, ಕೆಳಗೆ ಪನಾಮಾ, ಇಕ್ಕೆಲದಲ್ಲಿ ಎರಡು ಸಮುದ್ರಗಳು. ನಡುವೆ ಈ ದೇಶ. ವಿಸ್ತೀರ್ಣವು ಸುಮಾರು 51,100 ಚದರ ಕಿಲೋಮೀಟರು, ಎಂದರೆ ಕರ್ನಾಟಕದ ಕಾಲುಭಾಗಕ್ಕಿಂತ ತುಸು ಹೆಚ್ಚು. ಸ್ಪೇನಿನ ನಾವಿಕರು ಇಟ್ಟ ಈ ಹೆಸರಿಗೆ ಸಂಪನ್ನವಾದ ಕರಾವಳಿ ಎಂದರ್ಥ. ಆದರೆ ಅವರು ಬಯಸಿದ ಚಿನ್ನವು ಅಲ್ಲಿ ಸಿಕ್ಕಲಿಲ್ಲ. ಮುಂದೆ ನೆಲವು ಕೊಟ್ಟದ್ದು ಕಾಫಿಯ ಬೆಳೆ. 1821ರ ಸೆಪ್ಟೆಂಬರಿನಲ್ಲಿ ಗ್ವಾಟೆಮಾಲಾದಲ್ಲಿ ಸ್ವಾತಂತ್ರ್ಯವು ಸಾರಲ್ಪಟ್ಟಾಗ ಆ ವಾರ್ತೆಯು ಇಲ್ಲಿಗೆ ಮುಟ್ಟಲು ಸುಮಾರು ಒಂದು ತಿಂಗಳು ಹಿಡಿಯಿತಂತೆ. ಅಷ್ಟು ಮೂಲೆಯ ನಾಡು.

ಇದು ಮೊದಲಿನಿಂದಲೂ ಶಾಂತಿಯ ತವರಾಗಿತ್ತೆಂದು ಹೇಳುವವರುಂಟು. ಅದು ಪೂರ್ಣ ಸತ್ಯವಲ್ಲ. 1889ರಲ್ಲಿ ಚುನಾವಣೆಯ ಫಲವನ್ನು ಸರ್ಕಾರವು ಒಪ್ಪಬೇಕಾದರೆ ಜನರು ಬೀದಿಗಿಳಿಯಬೇಕಾಯಿತು. 1917ರಲ್ಲಿ ಯುದ್ಧಮಂತ್ರಿಯಾಗಿದ್ದ ಫೆದೆರೀಕೊ ಟಿನೋಕೊ ಎಂಬವನು ತನ್ನನ್ನು ನಂಬಿದ್ದ ಅಧ್ಯಕ್ಷನನ್ನೇ ತಳ್ಳಿ ಅಧಿಕಾರವನ್ನು ಕಸಿದುಕೊಂಡನು. 1919ರಲ್ಲಿ ಜನರ ಪ್ರತಿಭಟನೆಗೆ ನಿಲ್ಲಲಾರದೆ ದೇಶ ಬಿಟ್ಟನು. ದಂಡವು ಹೊರಗಿನ ಶತ್ರುವನ್ನು ತಡೆಯುವುದಕ್ಕಿಂತ ಒಳಗಿನ ಸ್ವಾಮಿಯನ್ನು ಕೆಡಹುವುದರಲ್ಲಿ ಹೆಚ್ಚು ಸಮರ್ಥವೆಂಬ ಪಾಠವನ್ನು ಆ ದೇಶವು ಆಗಲೇ ಕಲಿತಿರಬೇಕು.

1940ರಲ್ಲಿ ಕಾಲ್ಡೆರೋನ್ ಗ್ವಾರ್ಡಿಯಾ ಎಂಬ ವೈದ್ಯನು ಅಧ್ಯಕ್ಷನಾಗಿ ಚುನಾಯಿತನಾದನು. ಕಾರ್ಮಿಕರಿಗೆ ರೋಗ ವಾರ್ಧಕ್ಯಗಳಲ್ಲಿ ನೆರವಾಗುವ ವಿಮೆ, ಕಾರ್ಮಿಕ ಸಂಹಿತೆ, ವಿಶ್ವವಿದ್ಯಾಲಯ, ಇವೆಲ್ಲ ಅವನ ಕಾಲದ ಕಾರ್ಯಗಳು. ಕಮ್ಯುನಿಸ್ಟ್ ಪಕ್ಷದ ಮುಖಂಡನೂ ಕ್ರೈಸ್ತ ಮಠದ ಮಹಾಧರ್ಮಾಧ್ಯಕ್ಷನೂ ಒಂದೇ ಸರ್ಕಾರಕ್ಕೆ ಹೆಗಲು ಕೊಟ್ಟ ಅಪೂರ್ವ ಪ್ರಸಂಗವದು. ಆದರೆ ಒಳ್ಳೆಯ ಕಾನೂನುಗಳನ್ನು ಮಾಡಿದ ಕೈಯೇ ಮತಪೆಟ್ಟಿಗೆಯ ವಿಷಯದಲ್ಲಿ ಶುದ್ಧವಾಗಿರಲಿಲ್ಲವೆಂಬ ಅಪವಾದವು ಬಲವಾಗಿತ್ತು. 1944ರಲ್ಲಿ ಅವನ ಅನುಯಾಯಿಯಾದ ಪಿಕಾಡೊ ಗೆದ್ದ ಚುನಾವಣೆಯ ಮೇಲೆ ಕೃತ್ರಿಮದ ಆರೋಪಗಳು ಬಂದವು.

ಈ ನಡುವೆ ರಂಗಕ್ಕೆ ಬಂದವನು ಹೋಸೆ ಫಿಗೆರೆಸ್. ಸ್ಪೇನಿನ ಕತಲಾನ್ ಪ್ರಾಂತದಿಂದ ಬಂದು ನೆಲೆಸಿದ ದಂಪತಿಗಳ ಮಗ, 1906ರಲ್ಲಿ ಹುಟ್ಟಿದವನು. ಬೆಟ್ಟದ ಸೀಮೆಯಲ್ಲಿ ಭೂಮಿ ಕೊಂಡು, ಕತ್ತಾಳೆಯ ಜಾತಿಯ ಗಿಡದ ನಾರಿನಿಂದ ಹಗ್ಗ ಚೀಲಗಳನ್ನು ಮಾಡಿಸುತ್ತಿದ್ದನು. ಆ ತೋಟಕ್ಕೆ ಅವನು ಇಟ್ಟ ಹೆಸರು ‘ಕೊನೆಯಿಲ್ಲದ ಹೋರಾಟ’. 1942ರ ಜುಲೈ 8ರಂದು ಆಕಾಶವಾಣಿಯಲ್ಲಿ ಕಾಲಾವಕಾಶವನ್ನು ಹಣಕೊಟ್ಟು ಪಡೆದು ಸರ್ಕಾರವನ್ನು ಖಂಡಿಸುತ್ತಿರುವಾಗಲೇ, ಮಾತು ಮುಗಿಯುವ ಮೊದಲೇ, ಪೊಲೀಸರು ಬಂದು ಅವನನ್ನು ಹಿಡಿದರು. ದೇಶಭ್ರಷ್ಟನಾಗಿ ಮೆಕ್ಸಿಕೋದಲ್ಲಿ ಎರಡು ವರ್ಷ ಕಳೆದು ಹಿಂದಿರುಗಿದಾಗ ಅವನು ಮೊದಲಿನ ತೋಟಗಾರನಾಗಿ ಉಳಿದಿರಲಿಲ್ಲ.

1948ರ ಫೆಬ್ರವರಿ 8ರ ಚುನಾವಣೆಯಲ್ಲಿ ಮತ್ತೆ ಅಧಿಕಾರ ಬಯಸಿದ ಕಾಲ್ಡೆರೋನನಿಗೆ ಎದುರಾಗಿ ಪತ್ರಿಕೋದ್ಯಮಿಯಾದ ಓಟೀಲಿಯೊ ಉಲಾಟೆ ನಿಂತನು. ಉಲಾಟೆ ಗೆದ್ದನೆಂದು ಚುನಾವಣಾ ನ್ಯಾಯಮಂಡಲಿಯ ಬಹುಮತವು ಹೇಳಿತು. ಮತಪತ್ರಗಳಲ್ಲಿ ಒಂದು ಭಾಗವು ಬೆಂಕಿಗೆ ಆಹುತಿಯಾಗಿದ್ದಿತು. ಮಾರ್ಚ್ 1ರಂದು ಶಾಸನಸಭೆಯು ಅಧ್ಯಕ್ಷ ಚುನಾವಣೆಯನ್ನೇ ರದ್ದುಪಡಿಸಿತು. ಮಾರ್ಚ್ 12ರಂದು ಫಿಗೆರೆಸನು ತನ್ನ ತೋಟದಿಂದಲೇ ಯುದ್ಧವನ್ನು ಆರಂಭಿಸಿದನು. ಏಪ್ರಿಲ್ ಮುಗಿಯುವುದರೊಳಗೆ ಅದು ಮುಗಿಯಿತು. ಆರು ವಾರಗಳ ಈ ಕಲಹದಲ್ಲಿ ಮಡಿದವರು ಸುಮಾರು 2,000 ಮಂದಿಯೆಂದು ಸಾಮಾನ್ಯವಾಗಿ ಹೇಳುವರು. ಎಂಟು ಲಕ್ಷದಷ್ಟು ಜನರಿದ್ದ ದೇಶಕ್ಕೆ ಅದು ಸಣ್ಣ ಸಂಖ್ಯೆಯಲ್ಲ.

ಗೆದ್ದವನು ಮೇ ತಿಂಗಳಿನಲ್ಲಿ ಒಂದು ತಾತ್ಕಾಲಿಕ ಆಡಳಿತ ಮಂಡಲಿಯ ಮುಖ್ಯಸ್ಥನಾದನು. ಇಲ್ಲಿಯವರೆಗಿನ ಕಥೆಯಲ್ಲಿ ವಿಶೇಷವೇನೂ ಇಲ್ಲ. ಅಮೆರಿಕಾ ಖಂಡದ ಎಷ್ಟೋ ರಾಜ್ಯಗಳಲ್ಲಿ ಇದು ನಡೆದ ಸಂಗತಿ, ಮುಂದೆ ಗೆದ್ದವನೇ ಮತ್ತೊಬ್ಬ ನಿರಂಕುಶ ಪ್ರಭುವಾಗುವುದೂ ಅಲ್ಲಿನ ವಾಡಿಕೆ. ವಾಡಿಕೆಯು ತಪ್ಪಿದ್ದು 1948ರ ಡಿಸೆಂಬರ್ 1ರಂದು. ರಾಜಧಾನಿಯಾದ ಸಾನ್ ಹೋಸೆಯ ಬೆಯಾವಿಸ್ತಾ ಎಂಬ ಸೇನಾದುರ್ಗದಲ್ಲಿ ಜನರನ್ನು ಸೇರಿಸಿ, ದೇಶದ ಸೈನ್ಯವು ಇನ್ನು ಇಲ್ಲವೆಂದು ಫಿಗೆರೆಸನು ಘೋಷಿಸಿದನು; ದೊಡ್ಡ ಸುತ್ತಿಗೆಯೊಂದನ್ನು ಎತ್ತಿ ಕೋಟೆಯ ಗೋಡೆಗೆ ಹೊಡೆದನು. ಕೋಟೆಯನ್ನು ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಬಿಟ್ಟುಕೊಡುವುದೆಂದು ಗೊತ್ತಾಯಿತು. ಇಂದಿಗೂ ಆ ಗೋಡೆಗಳಲ್ಲಿ 1948ರ ಗುಂಡುಗಳ ಗುರುತುಗಳನ್ನು ನೋಡಬಹುದು; ಒಳಗೆ ಪ್ರಾಚೀನ ನಿವಾಸಿಗಳ ಶಿಲೆ, ಮೃತ್ಪಾತ್ರೆಗಳಿವೆ.

ಈ ಕಾರ್ಯವು ಕೇವಲ ಅಹಿಂಸಾಪ್ರೇಮದಿಂದ ಹುಟ್ಟಿತೆನ್ನಲಾಗದು. ಹಳೆಯ ಸೈನ್ಯವು ಸೋತ ಪಕ್ಷದ್ದು. ಅದನ್ನು ಇಟ್ಟುಕೊಳ್ಳುವುದು ಅಪಾಯ. ಗೆದ್ದ ಸ್ವಯಂಸೇವಕರನ್ನೇ ಹೊಸ ಸೈನ್ಯವಾಗಿಸಿದರೆ ಅದು ಇನ್ನೂ ದೊಡ್ಡ ಅಪಾಯ. ಹಣವಾದರೂ ಬೊಕ್ಕಸದಲ್ಲಿ ಹೆಚ್ಚಿರಲಿಲ್ಲ. ಸೈನ್ಯವನ್ನು ರದ್ದುಮಾಡುವ ಸಲಹೆಯನ್ನು ಮಂಡಲಿಯಲ್ಲಿ ಮುಂದಿಟ್ಟವನು ಭದ್ರತಾ ಸಚಿವನಾದ ಎಡ್ಗರ್ ಕಾರ್ಡೋನಾ. ಅವನೇ 1949ರ ಏಪ್ರಿಲಿನಲ್ಲಿ ಶಸ್ತ್ರ ಹಿಡಿದು ಸರ್ಕಾರದ ಮೇಲೆ ತಿರುಗಿಬಿದ್ದನು! ದಂಡದ ಮದವು ಎಂಥವನನ್ನು ಬಿಟ್ಟೀತು? ಮಂಡಲಿಯ ಕೈಗಳೂ ನಿಷ್ಕಳಂಕವಲ್ಲ. ಡಿಸೆಂಬರ್ 19ರಂದು, ರೈಲಿನಲ್ಲಿ ಸಾಗಿಸುತ್ತಿದ್ದ ಆರು ಮಂದಿ ವಿರೋಧಪಕ್ಷದ ಬಂದಿಗಳನ್ನು ದಾರಿಯಲ್ಲಿಯೇ ಕೊಂದರು. ಕಮ್ಯುನಿಸ್ಟ್ ಪಕ್ಷವನ್ನು ನಿಷೇಧಿಸಿದ ವಿಧಿಯು 1975ರವರೆಗೂ ರಾಜ್ಯಾಂಗದಲ್ಲಿ ಉಳಿದಿತ್ತು.

ಹೀಗಿದ್ದರೂ ಎರಡು ಸಂಗತಿಗಳು ಫಿಗೆರೆಸನನ್ನು ಮಿಕ್ಕ ವಿಜೇತರಿಂದ ಬೇರ್ಪಡಿಸುತ್ತವೆ. ಸೋತವನು ಮಾಡಿದ್ದ ಕಾರ್ಮಿಕರ ಕಾನೂನುಗಳನ್ನು ಅವನು ಅಳಿಸಲಿಲ್ಲ. ರಾಜ್ಯಾಂಗ ರಚನಾ ಸಭೆಗೆ ನಡೆದ ಚುನಾವಣೆಯಲ್ಲಿ 45 ಸ್ಥಾನಗಳ ಪೈಕಿ ಅವನ ಪಕ್ಷಕ್ಕೆ ದೊರೆತವು ನಾಲ್ಕೇ. ಅವನ ಕರಡನ್ನು ಸಭೆಯು ತಿರಸ್ಕರಿಸಿ 1871ರ ಹಳೆಯ ರಾಜ್ಯಾಂಗವನ್ನೇ ಆಧಾರವಾಗಿಟ್ಟುಕೊಂಡಿತು. ಈ ಅವಮಾನವನ್ನು ನುಂಗಿಕೊಂಡು, 1949ರ ನವೆಂಬರ್ 8ರಂದು ಅವನು ಪದವಿಯನ್ನು ಉಲಾಟೆಗೆ ಒಪ್ಪಿಸಿ ಮನೆಗೆ ಹೋದನು. ಸುತ್ತಿಗೆಯ ಪೆಟ್ಟಿನ ಚಿತ್ರವು ಎಲ್ಲ ಪುಸ್ತಕಗಳಲ್ಲಿಯೂ ಇದೆ. ಆದರೆ ಆ ಪೆಟ್ಟಿಗಿಂತ ಈ ಹಸ್ತಾಂತರವೇ ದೊಡ್ಡದೆಂದು ತೋರುತ್ತದೆ. ಏಕೆಂದರೆ ಗೆದ್ದವನು ಗದ್ದುಗೆಯಲ್ಲಿಯೇ ಉಳಿದಿದ್ದರೆ, ತನ್ನ ರಕ್ಷಣೆಗೆಂದು ದಂಡನ್ನು ಮತ್ತೆ ಕಟ್ಟದೆ ಬಿಡುತ್ತಿರಲಿಲ್ಲ. ಹೊಸ ರಾಜ್ಯಾಂಗದ 12ನೆಯ ವಿಧಿಯು ಸ್ಥಾಯಿ ಸೈನ್ಯವನ್ನು ನಿಷೇಧಿಸಿತು. ಸ್ತ್ರೀಯರಿಗೆ ಮತಾಧಿಕಾರವು ಬಂದದ್ದೂ ಅದೇ ರಾಜ್ಯಾಂಗದಿಂದ. ಚುನಾವಣೆಯ ಕಾರ್ಯವನ್ನು ಸರ್ಕಾರದ ಕೈಯಿಂದ ತೆಗೆದು ಸ್ವತಂತ್ರವಾದ ಉನ್ನತ ನ್ಯಾಯಮಂಡಲಿಗೆ ಒಪ್ಪಿಸಲಾಯಿತು. ಮತಪೆಟ್ಟಿಗೆಗೆ ಕಾವಲು ದೊರೆತ ಮೇಲೆ, ಅದಕ್ಕಾಗಿ ಕೋವಿ ಹಿಡಿಯುವ ಕಾರಣವೂ ಉಳಿಯಲಿಲ್ಲ.

ಇನ್ನು ನೆರೆಯವನ ಮಾತು. ನಿಕರಾಗ್ವಾದಲ್ಲಿ ಆಗ ಅನಸ್ತಾಸಿಯೊ ಸೊಮೋಸಾ ಎಂಬ ನಿರಂಕುಶನ ಆಳ್ವಿಕೆ. ಸುತ್ತಿಗೆಯ ಪೆಟ್ಟು ಬಿದ್ದು ಹತ್ತೇ ದಿನಗಳಾಗಿದ್ದವು. ಡಿಸೆಂಬರ್ 10ರಂದು ಕಾಲ್ಡೆರೋನನ ಅನುಯಾಯಿಗಳು ಸೊಮೋಸನ ಆಶ್ರಯದಿಂದ ಹೊರಟು ಗಡಿ ದಾಟಿದರು. ಮಂಡಲನೀತಿಯು ಅಕ್ಷರಶಃ ನಿಜವಾಯಿತೆನ್ನಬೇಕು. ಆದರೆ ಕೋಸ್ಟಾರಿಕಾ ಆಗ ದಂಡನ್ನು ಕರೆಯದೆ ಒಂದು ಕಾಗದವನ್ನು ಮುಂದಿಟ್ಟಿತು. 1947ರಲ್ಲಿ ರಿಯೊ ನಗರದಲ್ಲಿ ಅಮೆರಿಕಾ ಖಂಡದ ರಾಷ್ಟ್ರಗಳು ಮಾಡಿಕೊಂಡಿದ್ದ ಪರಸ್ಪರ ರಕ್ಷಣೆಯ ಒಡಂಬಡಿಕೆಯು ಜಾರಿಗೆ ಬಂದು ಆಗ್ಗೆ ಕೇವಲ ಒಂದು ವಾರವಾಗಿತ್ತು. ಅದರ ಮೇರೆಗೆ ಅಮೆರಿಕನ್ ರಾಷ್ಟ್ರಗಳ ಸಂಸ್ಥೆಯು ವಿಚಾರಣಾಮಂಡಲಿಯನ್ನು ಕಳುಹಿಸಿತು. ಆ ಮಂಡಲಿಯು ಎರಡು ಪಕ್ಷಗಳ ತಪ್ಪನ್ನೂ ಎತ್ತಿ ತೋರಿಸಿತು. 1949ರ ಫೆಬ್ರವರಿ 21ರಂದು ಎರಡೂ ದೇಶಗಳು ಸ್ನೇಹದ ಒಪ್ಪಂದಕ್ಕೆ ರುಜು ಹಾಕಿದವು.

ಎರಡೂ ಪಕ್ಷಗಳ ತಪ್ಪೆಂದುದು ಸುಮ್ಮನೆ ಅಲ್ಲ. 1947ರ ಡಿಸೆಂಬರಿನಲ್ಲಿ ಗ್ವಾಟೆಮಾಲಾದಲ್ಲಿ ಫಿಗೆರೆಸನೂ ಇತರ ದೇಶಭ್ರಷ್ಟರೂ ಒಂದು ಪ್ರತಿಜ್ಞೆಗೆ ಸಹಿ ಮಾಡಿದ್ದರು. ಮೊದಲು ಕೋಸ್ಟಾರಿಕಾ, ಆಮೇಲೆ ನಿಕರಾಗ್ವಾ, ಮತ್ತೆ ದೊಮಿನಿಕನ್ ರಾಜ್ಯ; ಹೀಗೆ ಶಸ್ತ್ರಬಲದಿಂದ ಒಬ್ಬೊಬ್ಬ ನಿರಂಕುಶನನ್ನೂ ಕೆಡಹಿ ಪ್ರಜಾಪ್ರಭುತ್ವವನ್ನು ಹರಡುವುದು ಅದರ ಉದ್ದೇಶ. ಅವರು ಕೊಟ್ಟ ಕೋವಿಗಳಿಂದಲೇ ಫಿಗೆರೆಸನು ಗೆದ್ದದ್ದು. ಮುಂದೆ ಸೊಮೋಸನನ್ನು ಕೆಡಹುವ ಕಾರ್ಯವು ಕೈಗೂಡಲಿಲ್ಲ. ಉಳಿದದ್ದು ಸೊಮೋಸನ ಹಗೆತನ ಮಾತ್ರ. 1954ರಲ್ಲಿ ಸೊಮೋಸನನ್ನು ಕೊಲ್ಲಲು ಬಂದ ಗುಂಪೊಂದು ಕೋಸ್ಟಾರಿಕಾದಿಂದಲೇ ಹೊರಟಿತ್ತು. 1955ರ ಜನವರಿಯಲ್ಲಿ, ಫಿಗೆರೆಸನು ಮತದಿಂದ ಚುನಾಯಿತನಾದ ಅಧ್ಯಕ್ಷನಾಗಿದ್ದಾಗ, ಎರಡನೆಯ ಆಕ್ರಮಣವು ಬಂದಿತು. ವಿಮಾನಗಳು ರಾಜಧಾನಿಯ ಮೇಲೂ ಗುಂಡು ಸುರಿಸಿದವು. ಪುನಃ ರಾಷ್ಟ್ರಗಳ ಸಂಸ್ಥೆಗೆ ದೂರು ಹೋಯಿತು. ಅಮೆರಿಕದ ಸಂಯುಕ್ತ ಸಂಸ್ಥಾನವು ನಾಲ್ಕು ಯುದ್ಧವಿಮಾನಗಳನ್ನು ಒಂದೊಂದಕ್ಕೆ ಒಂದೊಂದು ಡಾಲರಿನಂತೆ ಕೋಸ್ಟಾರಿಕಾಕ್ಕೆ ಮಾರಿತು. ದಾನವೆಂದರೆ ಒಂದು ದೋಷ, ಮಾರಾಟವೆಂದರೆ ದೋಷವಿಲ್ಲ. ವ್ಯವಹಾರಶಾಸ್ತ್ರದ ಸೂಕ್ಷ್ಮಗಳು ಹೀಗಿರುತ್ತವೆ. ಕೆಲವೇ ದಿನಗಳಲ್ಲಿ ಆಕ್ರಮಣವು ಮುರಿದುಬಿದ್ದಿತು.

ಹಾಗಾದರೆ ಬಲಿಷ್ಠ ರಾಷ್ಟ್ರವೊಂದರ ಛತ್ರದ ನೆರಳಿನಲ್ಲಿ ಇದ್ದುದರಿಂದಲೇ ಆ ದೇಶವು ಉಳಿಯಿತು, ದಂಡು ತನ್ನದಲ್ಲದಿದ್ದರೂ ಇನ್ನೊಬ್ಬರದಿತ್ತು ಎಂದು ಆಕ್ಷೇಪಿಸುವವರುಂಟು. ಈ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಅದೇ ಛತ್ರವು ಗ್ವಾಟೆಮಾಲಾಕ್ಕೆ ಏನು ಮಾಡಿತು? 1954ರ ಜೂನಿನಲ್ಲಿ, ಎಂದರೆ ಆ ನಾಲ್ಕು ವಿಮಾನಗಳ ಮಾರಾಟಕ್ಕೆ ಏಳು ತಿಂಗಳ ಮೊದಲು, ಜನರಿಂದ ಚುನಾಯಿತನಾದ ಅಲ್ಲಿನ ಅಧ್ಯಕ್ಷ ಹಾಕೋಬೊ ಆರ್ಬೆನ್ಸನನ್ನು ಸಂಯುಕ್ತ ಸಂಸ್ಥಾನದ ಗೂಢಚಾರ ಇಲಾಖೆಯು ಸಂಚು ಹೂಡಿ ಉರುಳಿಸಿತು. ಆ ಸಂಚಿಗೆ ಸೊಮೋಸನೂ ನೆರವಾದವನೇ. ಪ್ರಜಾಪ್ರಭುತ್ವಗಳಲ್ಲಿ ಒಂದನ್ನು ಕಾದ ಕೈಯೇ ಇನ್ನೊಂದನ್ನು ಕೆಡವಿತು. ಗ್ವಾಟೆಮಾಲಾಕ್ಕೆ ದಂಡಿತ್ತು, ಅದು ಸಮಯಕ್ಕೆ ಒದಗಲಿಲ್ಲ, ತನ್ನ ಅಧ್ಯಕ್ಷನನ್ನೇ ಕೈಬಿಟ್ಟಿತು. ಆದುದರಿಂದ ಮಿತ್ರನೆಂಬ ಏಳನೆಯ ಅಂಗವು ದಂಡದ ಹೊರೆಯನ್ನು ಹೊರಬಲ್ಲದು ನಿಜ. ಆದರೆ ಒಬ್ಬನೇ ಬಲಿಷ್ಠನು ಮಿತ್ರನಾದರೆ ಅವನ ಇಚ್ಛೆಯೇ ರಕ್ಷೆ, ಅವನ ಇಚ್ಛೆಯೇ ಭಯ. ಅನೇಕರು ಕೂಡಿ ಒಪ್ಪಿದ ನಿಯಮವು ಮಿತ್ರನಾದರೆ ಮಾತ್ರ ಚಿಕ್ಕ ರಾಜ್ಯವು ನಿದ್ರೆ ಮಾಡಬಹುದು.

ಈ ಮಾತಿನ ನಿಜವಾದ ಪರೀಕ್ಷೆ ನಡೆದದ್ದು ಮೂವತ್ತು ವರ್ಷಗಳ ಮೇಲೆ. 1979ರಲ್ಲಿ ಸೊಮೋಸನ ಮಗನ ಆಳ್ವಿಕೆಯನ್ನು ಸಾಂದಿನಿಸ್ತಾ ಎಂಬ ಕ್ರಾಂತಿಕಾರರು ಕೊನೆಗಾಣಿಸಿದರು. ಅವರನ್ನು ಕೆಡಹಲು ‘ಕೊಂತ್ರಾ’ ಎಂಬ ಪಡೆಗಳಿಗೆ ಸಂಯುಕ್ತ ಸಂಸ್ಥಾನವು ಹಣ, ಶಸ್ತ್ರಗಳನ್ನು ಕೊಟ್ಟಿತು. ಎಲ್ ಸಾಲ್ವಡಾರಿನಲ್ಲಿ, ಗ್ವಾಟೆಮಾಲಾದಲ್ಲಿ ಅಂತರ್ಯುದ್ಧ. ನೆರೆಮನೆಗಳೆಲ್ಲ ಉರಿಯುತ್ತಿರುವಾಗ ತನ್ನ ಮನೆಯ ಹೆಂಚು ಮಾತ್ರ ತಣ್ಣಗಿದ್ದೀತೆ? ಕೊಂತ್ರಾ ಪಡೆಗಳು ಕೋಸ್ಟಾರಿಕಾದ ಉತ್ತರದ ಕಾಡುಗಳಲ್ಲಿ ಬೀಡುಬಿಟ್ಟವು. ವಾಯವ್ಯದ ಸಾಂತಾ ಎಲೆನಾ ಎಂಬಲ್ಲಿ ಅವರಿಗಾಗಿ ಗುಟ್ಟಾಗಿ ವಿಮಾನದ ನೆಲವೊಂದು ಸಿದ್ಧವಾಯಿತು. 1983ರ ನವೆಂಬರಿನಲ್ಲಿ ಅಧ್ಯಕ್ಷ ಮೋಂಗೆಯು ದೇಶದ ಶಾಶ್ವತ ತಾಟಸ್ಥ್ಯವನ್ನು ಸಾರಿದ್ದನು; ಆದರೆ ತಟಸ್ಥನೆಂದು ಹೇಳಿಕೊಂಡ ಮಾತ್ರಕ್ಕೆ ಯುದ್ಧವು ಬೇಲಿಯ ಆಚೆ ನಿಲ್ಲುವುದಿಲ್ಲ.

1986ರಲ್ಲಿ ಅಧ್ಯಕ್ಷನಾದ ಓಸ್ಕರ್ ಆರಿಯಾಸನು ಆ ವಿಮಾನದ ನೆಲವನ್ನು ಮುಚ್ಚಿಸಿದನು. ನೆರವು ಕೊಡುತ್ತಿದ್ದ ದೊಡ್ಡ ಮಿತ್ರನಿಗೆ ಅದು ರುಚಿಸಲಿಲ್ಲ. 1987ರ ಫೆಬ್ರವರಿಯಲ್ಲಿ ಅವನು ನೆರೆಯ ಅಧ್ಯಕ್ಷರ ಮುಂದೆ ಒಂದು ಯೋಜನೆಯನ್ನಿಟ್ಟನು. ಅದೇ ವರ್ಷದ ಆಗಸ್ಟ್ 7ರಂದು ಗ್ವಾಟೆಮಾಲಾ ನಗರದಲ್ಲಿ ಐದು ಮಧ್ಯ ಅಮೆರಿಕದ ಅಧ್ಯಕ್ಷರು ಅದಕ್ಕೆ ರುಜು ಮಾಡಿದರು. ಮೊದಲ ಭೇಟಿ ನಡೆದ ಯಾತ್ರಾಸ್ಥಳದ ಹೆಸರಿನಿಂದ ಅದು ಎಸ್ಕಿಪೂಲಾಸ್ ಒಪ್ಪಂದವೆಂದು ಪ್ರಸಿದ್ಧವಾಗಿದೆ. ಅದರ ರಚನೆಯನ್ನು ಗಮನಿಸಬೇಕು. ಕದನವಿರಾಮ, ಬಂಡಾಯಗಾರರಿಗೆ ಕ್ಷಮಾದಾನ, ಹೊರಗಿನವರಿಂದ ಶಸ್ತ್ರಸಹಾಯದ ನಿಲುಗಡೆ, ಒಬ್ಬರ ನೆಲವನ್ನು ಇನ್ನೊಬ್ಬರ ಮೇಲಿನ ದಾಳಿಗೆ ಕೊಡದಿರುವುದು, ಇವು ಹಿಂದಿನ ಸಂಧಿಗಳಲ್ಲಿಯೂ ಇದ್ದವು. ಹೊಸದೇನೆಂದರೆ, ಇವುಗಳ ಜೊತೆಯಲ್ಲಿಯೇ, ಅದೇ ಗಡುವಿನೊಳಗೆ, ಪ್ರತಿ ರಾಜ್ಯವೂ ಪತ್ರಿಕೆಗಳಿಗೆ ಬಿಡುಗಡೆ ಕೊಡಬೇಕು, ವಿರೋಧಪಕ್ಷಗಳಿಗೆ ಎಡೆ ಮಾಡಬೇಕು, ಹೊರಗಿನ ಸಾಕ್ಷಿಗಳ ಮುಂದೆ ನ್ಯಾಯವಾದ ಚುನಾವಣೆಯನ್ನು ನಡೆಸಬೇಕು ಎಂಬ ಷರತ್ತು. ಮತದ ದಾರಿ ತೆರೆಯದೆ ಕೋವಿಯನ್ನು ಕೆಳಗಿಡೆಂದರೆ ಬಂಡಾಯಗಾರನು ಇಡಲಾರ. ಕೋವಿಯನ್ನು ಇಡದೆ ಮತವನ್ನು ಎಣಿಸುತ್ತೇನೆಂದರೆ ಯಾರೂ ನಂಬಲಾರರು. ಎರಡೂ ಕೂಡಿಯೇ ನಡೆಯಬೇಕೆಂಬುದನ್ನು 1948ರಲ್ಲಿ ಸುಟ್ಟ ಮತಪತ್ರಗಳ ವಾಸನೆ ಬಲ್ಲ ದೇಶದವನಲ್ಲದೆ ಇನ್ನಾರು ಹೇಳಬೇಕಿತ್ತು?

ಆ ವರ್ಷದ ನೊಬೆಲ್ ಶಾಂತಿ ಪಾರಿತೋಷಕವು ಆರಿಯಾಸನಿಗೆ ಸಂದಿತು. ಗಡುವುಗಳು ಮೀರಿದವು, ಕಲಹಗಳು ಮರುಕಳಿಸಿದವು. ಆದರೆ 1990ರ ಫೆಬ್ರವರಿ 25ರಂದು ವಿಶ್ವಸಂಸ್ಥೆಯ ವೀಕ್ಷಕರ ಎದುರಿನಲ್ಲಿ ನಿಕರಾಗ್ವಾದಲ್ಲಿ ಚುನಾವಣೆ ನಡೆಯಿತು. ದಾನಿಯೆಲ್ ಓರ್ತೇಗನು ಸೋತು, ವಿಯೊಲೆತಾ ಚಮೋರೊ ಎಂಬ ವಿಧವೆಯು ಗೆದ್ದು ಅಧ್ಯಕ್ಷೆಯಾದಳು. ಕೋವಿ ಹಿಡಿದು ಬಂದವನು ಮತಕ್ಕೆ ತಲೆಬಾಗಿ ಇಳಿದನು. ಕೊಂತ್ರಾ ಪಡೆಗಳು ಶಸ್ತ್ರಗಳನ್ನು ಒಪ್ಪಿಸಿದವು. ಎಲ್ ಸಾಲ್ವಡಾರಿನ ಯುದ್ಧವು ಸುಮಾರು 75,000 ಜನರನ್ನು ನುಂಗಿ 1992ರಲ್ಲಿಯೂ, ಗ್ವಾಟೆಮಾಲಾದ್ದು ಸುಮಾರು ಎರಡು ಲಕ್ಷ ಜನರನ್ನು ನುಂಗಿ 1996ರಲ್ಲಿಯೂ ಮುಗಿದವು. ದಕ್ಷಿಣದ ನೆರೆಯಾದ ಪನಾಮಾ ಕೂಡ 1994ರಲ್ಲಿ ತನ್ನ ರಾಜ್ಯಾಂಗದಿಂದ ಸೈನ್ಯವನ್ನು ತೆಗೆದುಹಾಕಿತು.

ಕೋಸ್ಟಾರಿಕಾದೊಳಗೆ ಆ ವರ್ಷಗಳಲ್ಲಿ ನಡೆದ ಒಂದು ಚಿಕ್ಕ ಸಂಗತಿಯನ್ನು ಬಿಡುವಂತಿಲ್ಲ. 1948ರ ಯುದ್ಧದಲ್ಲಿ ಸೋತ ಕಾಲ್ಡೆರೋನನ ಮಗನು, ತಂದೆಯು ದೇಶಭ್ರಷ್ಟನಾಗಿದ್ದಾಗ ನಿಕರಾಗ್ವಾದಲ್ಲಿ ಹುಟ್ಟಿದವನು, 1990ರಲ್ಲಿ ಅಧ್ಯಕ್ಷನಾದನು. ನಾಲ್ಕು ವರ್ಷಗಳ ಮೇಲೆ, 1994ರ ಮೇ 8ರಂದು, ಅವನಿಂದ ಪದವಿಯನ್ನು ಪಡೆದವನು ಫಿಗೆರೆಸನ ಮಗ. ತಂದೆಯರು ಕೋವಿಯಿಂದ ತೀರಿಸಿಕೊಂಡ ವ್ಯಾಜ್ಯವನ್ನು ಮಕ್ಕಳು ಮತಪತ್ರದಿಂದ ತೀರಿಸಿಕೊಂಡರು.

2010ರಲ್ಲಿ ಪುನಃ ಗಡಿಯ ಗೊಂದಲ. ಸಾನ್ ಹ್ವಾನ್ ನದಿಯ ಮುಖದಲ್ಲಿ ಮೂರು ಚದರ ಕಿಲೋಮೀಟರಿನಷ್ಟು ಜವುಗು ನೆಲಕ್ಕೆ ನಿಕರಾಗ್ವಾದ ಸೈನಿಕರು ಬಂದರು. ಅಷ್ಟರಲ್ಲಿ ಓರ್ತೇಗನೇ ಅಲ್ಲಿ ಮತ್ತೆ ಅಧ್ಯಕ್ಷನಾಗಿದ್ದನು. ದಂಡಿಲ್ಲದ ದೇಶವು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಅರ್ಜಿ ಬರೆಯಿತು. ಐದು ವರ್ಷ ಕಾದ ಮೇಲೆ, 2015ರ ಡಿಸೆಂಬರಿನಲ್ಲಿ ಆ ನೆಲವು ಕೋಸ್ಟಾರಿಕಾದ್ದೆಂದು ತೀರ್ಪು ಬಂದಿತು. ಕಡಿದ ಮರಗಳಿಗೂ, ತೋಡಿದ ಕಾಲುವೆಗಳಿಗೂ, ಆದ ವೆಚ್ಚಕ್ಕೂ ಲೆಕ್ಕ ಹಾಕಿ 2018ರ ಫೆಬ್ರವರಿಯಲ್ಲಿ ನ್ಯಾಯಾಲಯವು ಗೊತ್ತುಮಾಡಿದ ಪರಿಹಾರ 3,78,890 ಡಾಲರು 59 ಸೆಂಟು. ನಿಕರಾಗ್ವಾ ಅದನ್ನು ತೆತ್ತಿತು. ಸೆಂಟಿನವರೆಗೆ ಲೆಕ್ಕವಾಗಿ ಮುಗಿದ ಯುದ್ಧವೆಂದು ಇದನ್ನು ನಗುವವರು, 1955ರ ಲೆಕ್ಕವನ್ನೂ ಒಮ್ಮೆ ನೋಡಬೇಕು.

ಆದರೆ ನ್ಯಾಯಾಲಯವು ಗಡಿಯ ಗೆರೆಯನ್ನು ಕಾಯಬಲ್ಲದು. ಗೆರೆಯ ಆಚೆಗಿನ ಆಳ್ವಿಕೆಯನ್ನು ತಿದ್ದಲಾರದು. ಪರಿಹಾರದ ಹಣವು ಸಂದ ಮರುತಿಂಗಳೇ, 2018ರ ಏಪ್ರಿಲಿನಲ್ಲಿ, ನಿಕರಾಗ್ವಾದ ಜನರು ಬೀದಿಗಿಳಿದರು. ಓರ್ತೇಗನ ಸರ್ಕಾರವು ಗುಂಡಿನಿಂದ ಉತ್ತರ ಕೊಟ್ಟಿತು. ಸತ್ತವರು 300ಕ್ಕೂ ಮಿಕ್ಕು. ಲಕ್ಷಕ್ಕೂ ಹೆಚ್ಚು ಜನರು ಕೋಸ್ಟಾರಿಕಾಕ್ಕೆ ಬಂದು ಆಶ್ರಯ ಬೇಡಿದರು. ಐವತ್ತು ಲಕ್ಷ ಜನರ ದೇಶದ ಶಾಲೆಗಳಿಗೂ ಆಸ್ಪತ್ರೆಗಳಿಗೂ ಆ ಭಾರವು ಬಿದ್ದಿತು. ದಂಡಿಗೆ ಹಾಕದೆ ಉಳಿಸಿದ ಹಣದಿಂದ ಕಟ್ಟಿದ ಶಾಲೆಗಳು ಅವು. ಈ ನಡುವೆ ಮಾದಕ ವಸ್ತುಗಳ ಕಳ್ಳಸಾಗಣೆಯೂ ಬೆಳೆದು, 2023ರಲ್ಲಿ ಆ ಶಾಂತ ದೇಶದಲ್ಲಿಯೇ 900ಕ್ಕೂ ಹೆಚ್ಚು ಕೊಲೆಗಳಾದವು.

ಹಾಗೆ ಬಂದವರಲ್ಲಿ ಸೆರ್ಹಿಯೊ ರಮೀರೆಸ್ ಎಂಬ ಹಿರಿಯ ಕಾದಂಬರಿಕಾರರೂ ಒಬ್ಬರು. ಸೊಮೋಸರ ಕಾಲದಲ್ಲಿ ಅವರು ಸಾನ್ ಹೋಸೆಯಲ್ಲಿ ಬಹುಕಾಲ ವಾಸವಾಗಿದ್ದವರು. ಕ್ರಾಂತಿಯ ಮೇಲೆ ಓರ್ತೇಗನ ಉಪಾಧ್ಯಕ್ಷರಾದವರು. 1990ರ ಸೋಲಿನ ತರುವಾಯ ಅವನಿಂದ ಬೇರೆಯಾದವರು. ಸ್ಪ್ಯಾನಿಷ್ ಸಾಹಿತ್ಯದ ಅತ್ಯುನ್ನತ ಗೌರವವಾದ ಸೆರ್ವಾಂತೆಸ್ ಪಾರಿತೋಷಕವು 2017ರಲ್ಲಿ ಅವರಿಗೆ ಸಂದಿತ್ತು. 2021ರ ಸೆಪ್ಟೆಂಬರಿನಲ್ಲಿ ಅವರ ಬಂಧನಕ್ಕೆ ಆಜ್ಞೆಯಾದಾಗ ಅವರು ಇದ್ದದ್ದು ಅದೇ ಕೋಸ್ಟಾರಿಕಾದಲ್ಲಿ. ಅಲ್ಲಿಂದ ಸ್ಪೇನಿಗೆ ಹೋದರು. 2023ರ ಫೆಬ್ರವರಿಯಲ್ಲಿ ನಿಕರಾಗ್ವಾದ ಸರ್ಕಾರವು ಅವರ ಪೌರತ್ವವನ್ನು ಕಿತ್ತುಕೊಂಡಿತು. ಆಗ ಅವರ ವಯಸ್ಸು ಎಂಬತ್ತು.